ಪಟ್ಟಾಂಗಚಾಲಿತ ಬಟ್ಟೆ ಒಗೆಯುವ ಯಂತ್ರ

"ಆಲ್ಮೀಡಾ, ಇವತ್ತೇ ಗೋಡೆ ಮೇಲೆ ಗೀಚಿಟ್ಕೋ! ಬರೋ ಕ್ರಿಸ್ಮಸ್ ಒಳಗೆ ನಮ್ಮನೇಲಿ ವಾಷಿಂಗ್ಟನ್ ಸರ್ಕಾರದ ಮೊಹರು ನೇತಾಡ್ತಿರುತ್ತೆ!"

ಹೀಗೆಂದು ನಾನು ಅಡುಗೆಮನೆಯಲ್ಲಿ ನಿಂತು ಘರ್ಜಿಸಿದೆ. ಕೈಯಲ್ಲಿ ಖಡ್ಗವಿರಲಿಲ್ಲ, ಬೆಂದ ಆಲೂಗಡ್ಡೆಯಿತ್ತು. ಆದರೂ ಘರ್ಜನೆ ಘರ್ಜನೆಯೇ.

ನನ್ನ ಹೆಂಡತಿ ತಿರುಗಿ ಕೂಡ ನೋಡಲಿಲ್ಲ.

"ಮೊಹರು ಆಮೇಲೆ ನೇತಾಡ್ಲಿ. ಹಿತ್ತಲ ಬಾಗಿಲು ಹೋದ ವರ್ಷದಿಂದ ಒಂದೇ ಕೀಲಿನ ಮೇಲೆ ನೇತಾಡ್ತಿದೆಯಲ್ಲ, ಮೊದಲು ಅದನ್ನ ನೋಡಿ."

ಮಹಾಪುರುಷರ ಹೆಂಡತಿಯರೆಲ್ಲ ಹೀಗೇ!

ಇದು ನಡೆದದ್ದು ಸಾವಿರದ ಒಂಬೈನೂರ ಎಂಟರಲ್ಲಿ, ಓಹಿಯೋದ ನಮ್ಮ ಟಿಲ್ಫರ್ಡ್ ಊರಿನಲ್ಲಿ. ಈಗಿನ ಕಾಲ ಬಿಡಿ, ಗುಂಡಿ ಒತ್ತಿದರೆ ದೀಪ, ಗುಂಡಿ ತಿರುಗಿಸಿದರೆ ಹಾಡು. ಇದನ್ನೆಲ್ಲ ಕಂಡುಹಿಡಿದವರು ಯಾರು ಮಕ್ಕಳೇ ಎಂದು ಕೇಳಿದರೆ ನನ್ನ ಮೊಮ್ಮಕ್ಕಳು "ಅಂಗಡಿಯವರು" ಎನ್ನುತ್ತವೆ! ಆಗ ಹಾಗಿರಲಿಲ್ಲ. ಊರಿನ ಪ್ರತಿಯೊಬ್ಬನ ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲು, ತಲೆಯಲ್ಲಿ ಒಂದು ಯಂತ್ರ. ಯಾರೋ ಒಬ್ಬ ಬಟ್ಟೆ ಒಣಹಾಕುವ ಕ್ಲಿಪ್ಪು ಕಂಡುಹಿಡಿದು ಅರಮನೆ ಕಟ್ಟಿಸಿದನಂತೆ. ಅರಮನೆಯನ್ನು ಕಂಡವರಿಲ್ಲ, ಆದರೆ ಅದರ ಕಿಟಕಿಗಳ ಬಣ್ಣ ಎಲ್ಲರಿಗೂ ಗೊತ್ತಿತ್ತು. ನಮ್ಮ ಕಮ್ಮಾರ ಕುದುರೆಗೆ ಗಾಳಿಯಾಡುವ ಟೋಪಿ ಮಾಡಿದ್ದ. ಕುದುರೆ ಅದನ್ನು ತಿಂದಿತ್ತು. ಪಾದ್ರಿಗಳು ಪ್ರವಚನದ ನಡುವೆ ತೂಕಡಿಸುವವರ ಬೆಂಚು ತಾನಾಗಿ ಓರೆಯಾಗುವ ಉಪಾಯ ಹುಡುಕುತ್ತಿದ್ದರು. ಅದು ಕೈಗೂಡದಿರಲೆಂದು ಊರಿಗೆ ಊರೇ ದೇವರಲ್ಲಿ ಮೊರೆಯಿಡುತ್ತಿತ್ತು.

ನಾನು ಲೆಮ್ಯುಯೆಲ್ ಸ್ಟ್ರೌಡ್, ಊರಿನ ಕ್ಷೌರಿಕ. ಊರಿನವರ ತಲೆಯ ಹೊರಭಾಗವೆಲ್ಲ ನನ್ನ ಕೈಯಲ್ಲಿದ್ದರೂ ನನ್ನ ತಲೆಯ ಒಳಗೆ ಆವರೆಗೆ ಯಂತ್ರವೇನೂ ಹುಟ್ಟಿರಲಿಲ್ಲ. ಹೊಟ್ಟೆಕಿಚ್ಚು ಹುಟ್ಟಿದ್ದು ಹಲ್ಲಿನ ಡಾಕ್ಟರ್ ವಿಪ್ಕಿಯಿಂದ. ಸೂಪು ಕುಡಿಯುವಾಗ ಮೀಸೆಯನ್ನು ಎತ್ತಿ ಹಿಡಿಯುವ ಒಂದು ತಂತಿಗೆ ಅವರಿಗೆ ಪೇಟೆಂಟ್ ಸಿಕ್ಕಿತು! ದಪ್ಪ ಕಾಗದ, ಬಣ್ಣದ ರಿಬ್ಬನ್ನು, ಅಂಗೈಯಗಲದ ಮೊಹರು. ಅದನ್ನು ಚೌಕಟ್ಟು ಹಾಕಿಸಿ ಹಲ್ಲು ಕೀಳುವ ಕುರ್ಚಿಯ ಎದುರಿಗೇ ತೂಗುಹಾಕಿದರು. ಬಾಯಿ ತೆರೆದವನು ಬೇರೆಲ್ಲೂ ನೋಡುವಂತಿಲ್ಲ!

ನನ್ನ ಅಂಗಡಿಗೆ ಬಂದಾಗಲೂ ಅದೇ ಮಾತು. ಗಲ್ಲಕ್ಕೆ ನೊರೆ ಹಚ್ಚಿದರೂ ನೊರೆಯ ಒಳಗಿಂದಲೇ "ಪೇಟೆಂಟ್, ಪೇಟೆಂಟ್" ಎಂದು ಗುಳ್ಳೆಗಳು ಬರುತ್ತಿದ್ದವು. ಅಂದು ಮನೆಗೆ ಬಂದವನೇ ಆಲೂಗಡ್ಡೆ ಹಿಡಿದು ಪ್ರತಿಜ್ಞೆ ಮಾಡಿದ್ದು.

ಪ್ರತಿಜ್ಞೆಯೇನೋ ಆಯಿತು. ಏನನ್ನು ಕಂಡುಹಿಡಿಯುವುದು? ಬೇಕಾದ್ದನ್ನೆಲ್ಲ ಯಾರೋ ಪುಣ್ಯಾತ್ಮರು ಆಗಲೇ ಕಂಡುಹಿಡಿದು ಕೂತಿದ್ದರು.

ದಾರಿ ತೋರಿಸಿದ್ದು ಸೋಮವಾರ. ನಮ್ಮ ಕಡೆಯ ಹೆಂಗಸರಿಗೆ ಸೋಮವಾರ ಬಟ್ಟೆ ಒಗೆಯುವುದು ದೇವರ ಹನ್ನೊಂದನೇ ಆಜ್ಞೆ. ಅಂದು ಮಧ್ಯಾಹ್ನ ಗಂಡಸರಿಗೆ ಭಾನುವಾರ ಮಿಕ್ಕ ತಣ್ಣನೆಯ ಮಾಂಸ, ತಣ್ಣನೆಯ ಬೀನ್ಸು, ಅದಕ್ಕಿಂತ ತಣ್ಣನೆಯ ಮೌನ. ನಾನು ಉಂಡು ಮುಂಗೋಣೆಯ ತೂಗುಕುರ್ಚಿಯಲ್ಲಿ ಕುಳಿತು ತೂಗಿಕೊಳ್ಳುತ್ತಿದ್ದೆ. ಕಿರ್... ಕಿರ್... ಕೆಳಗೆ ನೆಲಮಾಳಿಗೆಯಲ್ಲಿ ಆಲ್ಮೀಡಾ ತೊಟ್ಟಿಯೊಳಗಿನ ಬಟ್ಟೆಯನ್ನು ಒನಕೆಯಂಥ ಕೋಲಿನಿಂದ ಕುಟ್ಟುತ್ತಿದ್ದಳು. ದಬ್... ದಬ್... ಮೇಲೆ ಕಿರ್, ಕೆಳಗೆ ದಬ್. ಕಿರ್, ದಬ್. ಕಿರ್, ದಬ್!

ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಇಡೀ ಅಮೆರಿಕದ ಜಗುಲಿಗಳ ಮೇಲೆ ಎಷ್ಟು ಲಕ್ಷ ಜನ ಹೀಗೆ ಸುಮ್ಮನೆ ತೂಗಿಕೊಂಡು ಶಕ್ತಿಯನ್ನು ಪೋಲು ಮಾಡುತ್ತಿದ್ದಾರೆ! ನಯಾಗರಕ್ಕೆ ಹೋಗಿ ವಿದ್ಯುತ್ತು ಹುಡುಕುವ ದಡ್ಡರೇ, ನಿಮ್ಮ ಅಜ್ಜಿಯರನ್ನು ನೋಡಿ!

"ಆಲ್ಮೀ! ಸಿಕ್ತು! ಈ ಕುರ್ಚಿಗೂ ಆ ಕೋಲಿಗೂ ಒಂದು ಹಗ್ಗ ಕಟ್ಟಿದ್ರೆ..."

ಅವಳು ಮೆಟ್ಟಿಲು ಹತ್ತಿ ಬಂದು ಒದ್ದೆ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಳು.

"ಅದು ನಮ್ಮಮ್ಮನ ಕುರ್ಚಿ."

"ಗೊತ್ತು ಕಣೇ."

"ನಮ್ಮನ್ನೆಲ್ಲ ಅದರಲ್ಲೇ ತೂಗಿ ಮಲಗಿಸಿದ್ದು. ಅಮ್ಮ ಹೋದ ಮೇಲೆ ನನಗೆ ಅಂತ ಬಂದಿರೋದು ಅದೊಂದೇ."

"ಇನ್ಮೇಲೆ ನಮ್ಮ ಬಟ್ಟೇನೂ ತೂಗಿ ಮಲಗಿಸುತ್ತೆ!"

"ಒಂದೇ ಒಂದು ಮೊಳೆ ಹೊಡೆದ್ರೂ ನೋಡಿ ಮತ್ತೆ!"

"ಮೊಳೆ ಹೊಡೆಯಲ್ಲ. ಆಣೆ!"

ಮಾತಿಗೆ ತಪ್ಪುವ ಮಗ ನಾನಲ್ಲ. ಮೊಳೆ ಹೊಡೆಯಲಿಲ್ಲ. ತಿರುಪು ಹಾಕಿದೆ.

ಕುರ್ಚಿಯ ಅಡಿಯಿಂದ ಒಂದು ಹಗ್ಗ. ಹಗ್ಗ ಇಳಿಯಲು ಮುಂಗೋಣೆಯ ಹಲಗೆ ನೆಲದಲ್ಲಿ ಒಂದು ತೂತು. ತೂತು ಮೊದಲು ಬೆರಳಿನಷ್ಟಿತ್ತು. ಹಗ್ಗ ಉಜ್ಜಿತೆಂದು ಮುಷ್ಟಿಯಷ್ಟಾಯಿತು. ರಾಟೆ ಸಿಕ್ಕಿಕೊಂಡಿತೆಂದು ಇನ್ನಷ್ಟು ಕೊರೆದೆ. ಕೊನೆಗೆ ನಮ್ಮ ಬೆಕ್ಕು ನೆಲಮಾಳಿಗೆಗೆ ಮೆಟ್ಟಿಲು ಬಿಟ್ಟು ಅದರಲ್ಲೇ ಓಡಾಡತೊಡಗಿತು. ಕುರ್ಚಿಗೆ ನೆಲ ಮುಟ್ಟುವ ಕಸೂತಿ ಹೊದಿಕೆ ಹಾಕಿದ್ದರಿಂದ ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ಹಿಂದಕ್ಕೆ ತೂಗಿದರೆ ಕೆಳಗೆ ಕೋಲು ಏಳುತ್ತದೆ, ಮುಂದಕ್ಕೆ ತೂಗಿದರೆ ಬೀಳುತ್ತದೆ. ದಬ್!

ಯಂತ್ರ ಅಚ್ಚುಕಟ್ಟಾಗಿ ನಡೆಯಿತು. ನಡೆಸುವವರೇ ಇರಲಿಲ್ಲ! ಮೊದಲ ಸೋಮವಾರ ನಾನೇ ತೂಗಿದೆ. ಒಂದು ತೊಟ್ಟಿ ಮುಗಿಯುವಷ್ಟರಲ್ಲಿ ಹಡಗಿನಲ್ಲಿ ಹೋದವನಂತೆ ತಲೆ ಸುತ್ತಿತು. ಅಂಗಡಿಗೆ ಹೋದರೆ ಗಿರಾಕಿಯ ಮುಖವೂ ಹಿಂದೆ ಮುಂದೆ ತೂಗುತ್ತಿತ್ತು. ಅವರ ಒಂದು ಕಡೆಯ ಕೆನ್ನೆಮೀಸೆ ನನ್ನ ಸಂಶೋಧನೆಗೆ ಬಲಿಯಾಯಿತು. ಮುಂದಿನ ವಾರ ಆಲ್ಮೀಡಾ ಕೂತಳು. ಸ್ವಲ್ಪ ಹೊತ್ತಿಗೆ ಎದ್ದೇ ಬಿಟ್ಟಳು.

"ಕೈಲಿ ಕುಟ್ಟಿದ್ರೆ ಇಷ್ಟು ಹೊತ್ತಿಗೆ ಎಲ್ಲಾ ಒಣಹಾಕಿ ಆಗಿರೋದು. ಇಲ್ಲಿ ಮಹಾರಾಣಿ ಹಾಗೆ ತೂಗ್ತಾ ಕೂತ್ರೆ ಒಲೆ ಮೇಲಿರೋದನ್ನ ಯಾರು ನೋಡ್ಬೇಕು, ವಾಷಿಂಗ್ಟನ್ನೋರಾ?"

ನನ್ನ ಮೊಹರು ಅಲ್ಲಿಗೇ ಒಡೆದುಹೋಗುತ್ತಿತ್ತು. ಅಷ್ಟರಲ್ಲಿ ನಮ್ಮ ಮನೆಗೆ ಶಕ್ತಿಸ್ವರೂಪಿಣಿಯೊಬ್ಬಳು ಪ್ರವೇಶಿಸಿದಳು.

ಮಿಸೆಸ್ ಪರ್ಮೀಲಿಯಾ ಗಾಲ್ಟ್! ಎರಡು ಮನೆ ಆಚೆಗಿದ್ದ ವಿಧವೆ. ತಲೆಯ ಮೇಲೆ ಹುಲ್ಲು ತುಂಬಿದ ಹಕ್ಕಿ ಕೂತ ಟೋಪಿ, ಬಾಯಿಯಲ್ಲಿ ಊರಿನ ಸಮಸ್ತ ಸುದ್ದಿ. ಆಗ ಟಿಲ್ಫರ್ಡಿನಲ್ಲಿ ವಾರಪತ್ರಿಕೆಯೊಂದಿತ್ತು. ಮಿಸೆಸ್ ಗಾಲ್ಟ್ ಹೇಳದೆ ಏನು ಬಿಟ್ಟರೋ ಅದನ್ನು ಅದು ಅಚ್ಚು ಮಾಡುತ್ತಿತ್ತು. ಪ್ರತಿ ಸೋಮವಾರ ಊಟದ ಹೊತ್ತು ಕಳೆದ ಮೇಲೆ ತಪ್ಪದೆ ನಮ್ಮ ಮನೆಗೆ ಬರುವರು. ಬಂದರೆ ಸೀದಾ ತೂಗುಕುರ್ಚಿಗೇ!

ಅಂದು ಆಲ್ಮೀಡಾ ತೊಟ್ಟಿಗೆ ಲಂಗಗಳನ್ನು ಹಾಕಿ ಮೇಲೆ ಬಂದಿದ್ದಳಷ್ಟೆ. ಹಗ್ಗ ಬಿಚ್ಚುವ ಮೊದಲೇ ಮಿಸೆಸ್ ಗಾಲ್ಟ್ ಕೂತುಬಿಟ್ಟರು.

"ಅಲ್ಲಾ ಆಲ್ಮೀ, ನಮ್ಮ ಚರ್ಚಿನಲ್ಲಿ ಹಾಡು ಹೇಳಿಸ್ತಾನಲ್ಲ ಅವನು, ಟೋಪಿ ಹೊಲಿಯೋಳ ಅಂಗಡಿಗೆ ದಿನಾ ಹೋಗ್ತಾನಂತೆ ಕಣೇ! ಗಂಡಸಿಗೆ ಎಷ್ಟು ಟೋಪಿ ಬೇಕು ಹೇಳು?"

ದಬ್! ದಬ್! ದಬ್!

"ಕೆಳಗೇನೇ ಅದು ಸದ್ದು?"

ಆಲ್ಮೀಡಾ ತಡವರಿಸಿದಳು. "ಅದು... ನಮ್ಮನೆಯವರು ಏನೋ ಕಂಡುಹಿಡೀತಿದಾರೆ."

"ಅಯ್ಯೋ ಪಾಪ," ಎಂದು ಮಿಸೆಸ್ ಗಾಲ್ಟ್ ನನಗಾಗಿ ಒಂದು ನಿಟ್ಟುಸಿರು ಬಿಟ್ಟು, ಮೊದಲಿಗಿಂತ ಜೋರಾಗಿ ತೂಗತೊಡಗಿದರು.

ಅವರು ಹೋದ ಮೇಲೆ ಆಲ್ಮೀಡಾ ಕೆಳಗಿಳಿದು ನೋಡಿದರೆ ಲಂಗಗಳು ಹಾಲಿನಂತೆ ಬೆಳ್ಳಗಿದ್ದವು! ಊರಿನ ಕೊಳೆ ಬಟ್ಟೆಯನ್ನು ಬಾಯಲ್ಲಿ ಒಗೆಯುತ್ತ, ನಮ್ಮ ಮನೆಯ ಕೊಳೆ ಬಟ್ಟೆಯನ್ನು ಮಹಾತಾಯಿ ಕಾಲಲ್ಲಿ ಒಗೆದುಹಾಕಿದ್ದರು.

"ಇದು ತಪ್ಪು ರೀ," ಎಂದಳು ಆಲ್ಮೀಡಾ ಒಂದು ಲಂಗ ಎತ್ತಿ ಹಿಡಿದು. ಅದನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಆದ್ರೂ ಎಷ್ಟು ಬೆಳ್ಳಗಾಗಿದೆ ನೋಡಿ."

ಮುಂದಿನ ಸೋಮವಾರ ಅವಳು ಹಗ್ಗ ಬಿಚ್ಚುವುದನ್ನು ಮರೆತಳು. ಅದರ ಮುಂದಿನ ಸೋಮವಾರ ಮರೆಯುವುದನ್ನು ನೆನಪಿಟ್ಟುಕೊಂಡಳು. ನಮಗೆ ಕ್ರಮೇಣ ಈ ಶಾಸ್ತ್ರದ ಸೂಕ್ಷ್ಮಗಳು ತಿಳಿದವು. ಯಾರದೋ ನೆಗಡಿ, ಯಾರದೋ ಕೋಳಿ ಕಳವು ಎಂದರೆ ಕರ್ಚೀಫು ಮಾತ್ರ ಒಗೆಯುತ್ತದೆ. ಅತ್ತೆ ಸೊಸೆ ಜಗಳವಾದರೆ ದಿಂಬಿನ ಚೀಲ. ಮುರಿದ ನಿಶ್ಚಿತಾರ್ಥಕ್ಕೆ ಮೇಜಿನ ಹಾಸು. ಹಾಡು ಹೇಳಿಸುವವನು ಟೋಪಿಯವಳ ಜೊತೆ ರೈಲು ಹತ್ತಿದ ವಾರ ಎರಡು ಡಬಲ್ ಕಂಬಳಿ!

ಆಲ್ಮೀಡಾ ಪಳಗಿದಳು. ಕುರ್ಚಿಯ ವೇಗ ಕಡಿಮೆಯಾದರೆ ಸಾಕು, "ಅಲ್ಲಾ, ಆ ಟೋಪಿಯವಳ ತಾಯಿ ಏನಂತಾಳಂತೆ?" ಎಂದು ಒಲೆಗೆ ಸೌದೆ ನೂಕುವಳು. ಆಗ ಮತ್ತೆ ದಬದಬದಬ! ಕೈ ಕೆಸರಾದರೆ ಬಾಯಿ ಮೊಸರು ಎನ್ನುವರು. ನಮ್ಮಲ್ಲಿ ಬಾಯಿ ಹರಿದರೆ ಬಟ್ಟೆ ಬಿಳುಪು!

ನಾನು ಪೇಟೆಂಟ್ ಅರ್ಜಿಗೆ ಕೂತೆ. ಕೊಲಂಬಸ್ಸಿನ ವಕೀಲರೊಬ್ಬರು ಬರೆಯುವ ರೀತಿ ಹೇಳಿಕೊಟ್ಟಿದ್ದರು. ಆಹಾ, ಏನು ಭಾಷೆ! 'ಓಹಿಯೋ ರಾಜ್ಯದ ಟಿಲ್ಫರ್ಡ್ ನಿವಾಸಿಯೂ ಈ ದೇಶದ ಪ್ರಜೆಯೂ ಆದ ಲೆಮ್ಯುಯೆಲ್ ಸ್ಟ್ರೌಡ್ ಎಂಬ ನಾನು, ವಸ್ತ್ರಕ್ಷಾಲನ ಯಂತ್ರಗಳಲ್ಲಿ ನೂತನವೂ ಉಪಯುಕ್ತವೂ ಆದ ಸುಧಾರಣೆಯೊಂದನ್ನು ಆವಿಷ್ಕರಿಸಿರುವುದಾಗಿ ಸರ್ವರಿಗೂ ತಿಳಿಯಲಿ!' ಓದಿಕೊಂಡು ನನಗೇ ರೋಮಾಂಚನವಾಯಿತು. ನನ್ನ ಹಕ್ಕುಗಳನ್ನು ಒಂದೊಂದಾಗಿ ಬರೆದೆ: ಒಂದು ಕುರ್ಚಿ, ಒಂದು ಹಗ್ಗ, ಒಂದು ತೊಟ್ಟಿ, ಮತ್ತು ಇವೆಲ್ಲಕ್ಕಿಂತ ಮುಖ್ಯವಾಗಿ, 'ತಾನು ಶ್ರಮಿಸುತ್ತಿರುವೆನೆಂಬ ಅರಿವಿಲ್ಲದೆ, ಸಂಭಾಷಣೆಯ ಉತ್ಸಾಹದಿಂದಲೇ ಯಂತ್ರವನ್ನು ಚಲಾಯಿಸುವ ಅತಿಥಿ.'

ಚಿತ್ರವನ್ನೂ ನಾನೇ ಶಾಯಿಯಲ್ಲಿ ಬರೆದೆ. ಆಲ್ಮೀಡಾ ಇಣುಕಿ ನೋಡಿದಳು.

"ಇದ್ಯಾರು ಕುರ್ಚಿ ಮೇಲೆ?"

"ಯಾರೂ ಅಲ್ಲ. ಸಾಮಾನ್ಯವಾಗಿ ಒಬ್ಬ ಅತಿಥಿ."

"ಸಾಮಾನ್ಯವಾದ ಅತಿಥಿ ತಲೆ ಮೇಲೆ ಹಕ್ಕಿ ಯಾಕಿದೆ?"

ನೋಡುತ್ತೇನೆ, ಹೌದು! ನನ್ನ ಕೈ ನನಗೇ ತಿಳಿಯದೆ ಹಕ್ಕಿಯನ್ನು ಬರೆದುಬಿಟ್ಟಿದೆ. ಶಾಯಿ ಒಣಗಿತ್ತು. ಅದನ್ನು ಅಳಿಸಲು ಹೋಗಿ ಹಕ್ಕಿ ಇನ್ನೂ ದೊಡ್ಡದಾಯಿತು.

"ವಾಷಿಂಗ್ಟನ್ ದೂರ ಇದೆ ಬಿಡೇ," ಎಂದೆ.

ವಾಷಿಂಗ್ಟನ್ ದೂರವಿತ್ತು, ನಿಜ. ಅರ್ಜಿಗೆ ಇಬ್ಬರು ಸಾಕ್ಷಿಗಳ ಸಹಿ ಬೇಕಿತ್ತಲ್ಲ, ಅವರು ಹತ್ತಿರದಲ್ಲೇ ಇದ್ದರು! ಡಾಕ್ಟರ್ ವಿಪ್ಕಿ ಹೊಟ್ಟೆಕಿಚ್ಚಿನಲ್ಲಿ ಓದದೆಯೇ ಸಹಿ ಮಾಡಿದರು. ಅಂಚೆಯಣ್ಣ ಎರಡು ಸಲ ಓದಿದ. ಚಿತ್ರವನ್ನು ನೋಡಿದ. ಟೇಬಲ್ಲಿನ ಕೆಳಗೆ ಏನೋ ಬಿತ್ತೆಂದು ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ಬೆನ್ನು ಮಾತ್ರ ಕುಲುಕುತ್ತಿತ್ತು.

"ಯಾರಿಗೂ ಹೇಳಬೇಡಪ್ಪ," ಎಂದೆ.

"ಹೆಸರು ಹೇಳಲ್ಲ," ಎಂದ ಕಣ್ಣೊರೆಸಿಕೊಳ್ಳುತ್ತ.

ಮಾತು ಉಳಿಸಿಕೊಂಡ, ಅವನ ಹೊಟ್ಟೆ ತಣ್ಣಗಿರಲಿ! ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಹೆಂಡತಿಗೆ ಹೇಳಿದ.

ನನಗೆ ಅದೇನೂ ತಿಳಿಯದು. ನಾನು ಆಕಾಶದಲ್ಲಿದ್ದೆ. ಸಿನ್ಸಿನಾಟಿಯಲ್ಲಿ ಮರದ ತೊಟ್ಟಿ ಮಾಡುವ ಡಿಟ್ಮಾರ್ ಎಂಬ ಸಾಹುಕಾರರು ನನ್ನ ಯಂತ್ರವನ್ನು ಕಣ್ಣಾರೆ ನೋಡಲು ಸೋಮವಾರದ ರೈಲಿಗೆ ಬರುತ್ತೇನೆಂದು ತಿಳಿಸಿದ್ದರು. ಅವರಿಗೆಂದು ನಾನು ಯಂತ್ರಕ್ಕೆ ಇನ್ನೊಂದು ಸುಧಾರಣೆ ಮಾಡಿದೆ. ಕುರ್ಚಿಯ ಅಡಿಯಲ್ಲಿ ಒಂದು ಹಲ್ಲುಚಕ್ರ. ಬಟ್ಟೆ ಒಗೆದಾದ ಮೇಲೆ ಹಗ್ಗದ ಕೊಕ್ಕೆಯನ್ನು ಕೋಲಿನಿಂದ ಬಿಡಿಸಿ ಬಟ್ಟೆಗೆ ಸಿಕ್ಕಿಸುವುದು, ಆಮೇಲೆ ನೆಲಮಾಳಿಗೆಯಲ್ಲಿರುವ ಸನ್ನೆಗೋಲನ್ನು ಒತ್ತುವುದು. ಆಗ ಹಗ್ಗ ಹಿಂದೆ ಮುಂದೆ ಆಡುವುದನ್ನು ಬಿಟ್ಟು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಬಟ್ಟೆ ತಾನಾಗಿ ತೊಟ್ಟಿಯಿಂದ ಮೇಲೇಳುತ್ತದೆ. ನಿಲ್ಲಿಸುವುದು ಹೇಗೆ? ಸನ್ನೆಗೋಲನ್ನು ಎತ್ತಿದರಾಯಿತು. ಎತ್ತಲು ಬಂದರೆ!

ಡಿಟ್ಮಾರ್ ಸಾಹುಕಾರರು ಬಂದರು. ಪೀಪಾಯಿಯಂಥ ದೇಹ, ಬಿಳಿ ವೇಸ್ಟ್ ಕೋಟು, ಚಿನ್ನದ ಗಡಿಯಾರದ ಸರಪಣಿ. ಅವರನ್ನು ಹಿತ್ತಲಿನಿಂದ ನೆಲಮಾಳಿಗೆಗೆ ಇಳಿಸಿ, ತುಟಿಯ ಮೇಲೆ ಬೆರಳಿಟ್ಟೆ. ಮೇಲೆ ಆಲ್ಮೀಡಾ ಮಿಸೆಸ್ ಗಾಲ್ಟ್‌ರನ್ನು ಕುರ್ಚಿಯಲ್ಲಿ ಕೂರಿಸುವ ಸದ್ದು ಕೇಳಿಸಿತು. ಕಿರ್, ದಬ್. ಕಿರ್, ದಬ್.

"ಗುಟ್!" ಎಂದು ತಮ್ಮ ಜರ್ಮನ್ ಭಾಷೆಯಲ್ಲಿ ಮೆಚ್ಚಿದರು ಡಿಟ್ಮಾರ್. "ಮೇಲೆ ಯಂತ್ರ ಯಾವುದು, ಉಗಿಯದ್ದೋ?"

"ಸುಮಾರು ಹಾಗೇ," ಎಂದೆ.

ಮೇಲಿನ ಮಾತು ತೂತಿನಿಂದ ಸ್ಪಷ್ಟವಾಗಿ ಇಳಿಯುತ್ತಿತ್ತು.

"ಆಲ್ಮೀ, ಇವತ್ತು ತಂದಿರೋ ಸುದ್ದಿ ಇದೆಯಲ್ಲ, ಇಂಥದ್ದು ನನ್ನ ಜನ್ಮದಲ್ಲೇ ಕೇಳಿಲ್ಲ! ನಮ್ಮ ಊರಲ್ಲಿ ಯಾವನೋ ಒಬ್ಬ ಮಾನಗೆಟ್ಟವನು ಪೇಟೆಂಟಿಗೆ ಬರೆದಿದಾನಂತೆ. ಏನಕ್ಕೆ ಗೊತ್ತಾ? ಮನೆಗೆ ಬಂದೋರನ್ನ ಕುರ್ಚಿ ಮೇಲೆ ಕೂರಿಸಿ, ಅವರಿಗೆ ಗೊತ್ತಿಲ್ದ ಹಾಗೆ ಅವರ ಕೈಲಿ ಬಟ್ಟೆ ಒಗೆಸೋದಂತೆ!"

ಆಲ್ಮೀಡಾ ಒಮ್ಮೆ ಕೆಮ್ಮಿದಳು.

ದಬದಬ! ದಬದಬ! ತೊಟ್ಟಿಯಲ್ಲಿ ನೊರೆ ಉಕ್ಕತೊಡಗಿತು.

"ನಾಚಿಕೆ ಬೇಡ್ವಾ! ಅತಿಥಿ ಅಂದ್ರೆ ಕತ್ತೆ ಅಂದ್ಕೊಂಡಿದಾನಾ ಅವನು?"

ದಬದಬದಬದಬ! ನೊರೆ ಡಿಟ್ಮಾರರ ಶೂಗಳನ್ನು ಮುಚ್ಚಿತು. "ಬಹಳ ಶಕ್ತಿ, ಬಹಳ ಶಕ್ತಿ!" ಎಂದು ಅವರು ಮೆಚ್ಚುತ್ತ ಹಿಂದೆ ಸರಿದರು.

"ಅದಿರ್ಲಿ ಆಲ್ಮೀ, ಅಲ್ಲಿ ಹೋಗಿ ಕೂರೋ ಆ ಪೆದ್ದಿ ಯಾರಿರಬೇಕು ಹೇಳು? ಕೆಳಗೆ ಬಟ್ಟೆ ಕುಟ್ಟೋ ಸದ್ದೂ ಕೇಳಿಸದ ಕಿವುಡಿ!"

ಅವರು ಈ ಮಾತಿಗೆ ಕೊಟ್ಟ ರಭಸಕ್ಕೆ ಕೊಕ್ಕೆ ಕೋಲಿನಿಂದ ತಾನೇ ಕಳಚಿಕೊಂಡು, ತೊಟ್ಟಿಯಲ್ಲಿ ಏನನ್ನೋ ಗಪ್ಪನೆ ಹಿಡಿಯಿತು. ಡಿಟ್ಮಾರ್ ನೊರೆಯಲ್ಲಿ ಜಾರಿದರು. ಬೀಳದಿರಲು ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಸನ್ನೆಗೋಲು!

ಕಟಕಟಕಟ! ಮೇಲೆ ಚಕ್ರ ಸುತ್ತತೊಡಗಿತು. ನಾನು ಸನ್ನೆಗೋಲನ್ನು ಎತ್ತಲು ಹಾರಿದೆ. ಅದರ ಮೇಲೆ ಸಾಹುಕಾರರು ಪೂರ್ತಿ ಒರಗಿದ್ದರು. ನಾನು ಅವರನ್ನು ಎಳೆದೆ, ಅವರು ತೊಟ್ಟಿಯನ್ನು ಎಳೆದರು, ತೊಟ್ಟಿ ನಮ್ಮಿಬ್ಬರನ್ನೂ ಮೀಯಿಸಿತು. ಬಿದ್ದಲ್ಲಿಂದಲೇ ತಲೆಯೆತ್ತಿ ನೋಡುತ್ತೇನೆ, ನನ್ನ ಕೆಂಪು ಉಣ್ಣೆಯ ಒಳಚಲ್ಲಣ, ಸೊಂಟದಿಂದ ಪಾದದವರೆಗೆ ಸಂಪೂರ್ಣವಾದದ್ದು, ಒಂದು ಕಾಲಿಗೆ ಕೊಕ್ಕೆ ಸಿಕ್ಕಿಸಿಕೊಂಡು ಸ್ವರ್ಗಾರೋಹಣ ಮಾಡುತ್ತಿದೆ!

ಬೆಕ್ಕಿಗೆಂದು ಆದ ತೂತು ಚಲ್ಲಣಕ್ಕೂ ಸಾಕಾಯಿತು.

ಮೇಲಿನಿಂದ ಬಂದ ಚೀತ್ಕಾರಕ್ಕೆ ಬೆಕ್ಕು ಮನೆ ಬಿಟ್ಟು ಹೋದದ್ದು ಎರಡು ದಿನ ಬರಲಿಲ್ಲ. ತನ್ನ ಎರಡು ಪಾದಗಳ ನಡುವೆ, ನೆಲದೊಳಗಿಂದ, ಕೆಂಪಗೆ, ಒದ್ದೆಯಾಗಿ, ಬುಸ್ ಎಂದು ಏನೋ ಏಳುತ್ತಿದ್ದರೆ ಯಾರಾದರೂ ಏನು ಮಾಡಬೇಕು? ಮಿಸೆಸ್ ಗಾಲ್ಟ್ ಮೊದಲು ಸೈತಾನನೇ ಬಂದನೆಂದುಕೊಂಡರಂತೆ. ಆದರೆ ಅವರು ಸೈತಾನನಿಗೂ ಹೆದರುವ ಪೈಕಿಯಲ್ಲ. ಎರಡೂ ಕೈಯಲ್ಲಿ ಹಿಡಿದು ಎಳೆದರು. ಚಲ್ಲಣ ಪೂರ್ತಿ ಹೊರಗೆ ಬಂತು. ಸೊಂಟದ ಪಟ್ಟಿಯ ಮೇಲೆ ಆಲ್ಮೀಡಾಳ ಅಂದವಾದ ಕಸೂತಿಯಲ್ಲಿ 'ಎಲ್. ಸ್ಟ್ರೌಡ್' ಎಂದಿತ್ತು.

ಅವರು ಓದಿದರು. ಕುರ್ಚಿಯ ಹೊದಿಕೆ ಎತ್ತಿ ನೋಡಿದರು. ತೂತಿಗೆ ಮುಖವಿಟ್ಟು ಬಗ್ಗಿದರು. ಕೆಳಗೆ ನೊರೆಯಲ್ಲಿ ಕುಳಿತಿದ್ದ ನಾನೂ ಸಿನ್ಸಿನಾಟಿಯ ಸಾಹುಕಾರರೂ ಮೇಲೆ ನೋಡಿದೆವು. ತೂತಿನ ತುಂಬ ಒಂದು ಮುಖ, ಅದರ ಮೇಲೆ ಒಂದು ಹಕ್ಕಿ.

"ನಮಸ್ಕಾರ ಮಿಸೆಸ್ ಗಾಲ್ಟ್," ಎಂದೆ. ಇನ್ನೇನು ಹೇಳಲಿ?

ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಬಾಯಿಂದ ಮಾತು ಹೊರಡಲಿಲ್ಲ. ಎದ್ದು ಹೊರಟುಹೋದರು. ಏಳುವ ಭರದಲ್ಲಿ ಕುರ್ಚಿ ಮಗುಚಿ, ಅದರ ಅಡಿಯ ಬಾಗುಪಟ್ಟಿ ಟಪ್ಪೆಂದು ಸೀಳಿತು.

ಡಿಟ್ಮಾರ್ ಸಾಹುಕಾರರು ದೊಡ್ಡ ಮನುಷ್ಯರು, ಬಯ್ಯಲಿಲ್ಲ. ಅಡುಗೆಮನೆಯಲ್ಲಿ ನನ್ನ ಇನ್ನೊಂದು ಚಲ್ಲಣ ತೊಟ್ಟು ಕಾಫಿ ಕುಡಿಯುತ್ತ ಹೇಳಿದರು: "ಸ್ಟ್ರೌಡ್, ಯಂತ್ರ ಚೆನ್ನಾಗಿದೆ. ಆದ್ರೆ ಒಂದೊಂದು ತೊಟ್ಟಿ ಜೊತೆಗೂ ಆ ಯಮ್ಮನಂಥೋರನ್ನ ಒಬ್ಬೊಬ್ಬರನ್ನ ಕಳಿಸ್ಬೇಕಲ್ಲಪ್ಪ. ಅದು ನನ್ನ ಕಾರ್ಖಾನೇಲಿ ತಯಾರಾಗಲ್ಲ."

ಅಂದು ನಾನು ಬಯ್ಗುಳಕ್ಕೆ ಸಿದ್ಧನಾಗಿದ್ದೆ. "ಲೆಮ್ಯುಯೆಲ್ ಸ್ಟ್ರೌಡ್!" ಎಂದು ನನ್ನ ಹೆಂಡತಿ ಪೂರ್ತಿ ಹೆಸರು ಹಿಡಿದು ಕರೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಲ್ಮೀಡಾ ಸೀಳಿದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು.

"ಕುರ್ಚಿ ಸರಿ ಮಾಡಿಸ್ತೀನಿ ಆಲ್ಮೀ. ನಾನು ಮುಟ್ಟಲ್ಲ, ಬಡಗಿ ಹತ್ರಾನೇ ಮಾಡಿಸ್ತೀನಿ."

"ಕುರ್ಚಿ ಮಾಡಿಸಬಹುದು ರೀ." ಅವಳು ಸೆರಗಿನಂತೆ ತನ್ನ ಏಪ್ರನ್ನಿನ ತುದಿ ಎತ್ತಿ ಮೂಗೊರೆಸಿಕೊಂಡಳು. "ಅಮ್ಮ ಹೋದ ವರ್ಷ ನಾನು ಸೋಮವಾರ ಕೆಳಗೆ ಒಬ್ಬಳೇ ಅಳ್ತಾ ಒಗೀತಿದ್ದೆ. ನಿಮಗೆ ಗೊತ್ತಿರ್ಲಿಲ್ಲ. ಪರ್ಮೀಲಿಯಾಗೆ ಹೇಗೋ ಗೊತ್ತಾಯ್ತು. ಅವತ್ತಿಂದ ಒಂದು ಸೋಮವಾರನೂ ತಪ್ಪಿಸಿಲ್ಲ. ಸುದ್ದಿ ಹೇಳೋಕೆ ಬರ್ತಾಳೆ ಅಂದ್ಕೊಂಡ್ರಾ? ನಾನು ಒಬ್ಬಳೇ ಇರಬಾರದು ಅಂತ ಬರ್ತಿದ್ಲು. ನಾನು ಅವಳ ಕೈಲಿ ಕಂಬಳಿ ಒಗೆಸಿದೆ."

ನಾನು ನೆಲಮಾಳಿಗೆಗೆ ಇಳಿದು ಹಗ್ಗವನ್ನು ಬಿಚ್ಚಿ ಸುತ್ತಿಟ್ಟೆ.

ಮುಂದಿನ ಸೋಮವಾರ ಮಿಸೆಸ್ ಗಾಲ್ಟ್ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಮನೆಯಲ್ಲಿ ದಬ್ ಎಂಬುದೊಂದೇ ಸದ್ದು. ಊರಿಗೂ ಸಂಕಟ. ಅವರು ಮನೆ ಹಿಡಿದು ಕೂತದ್ದರಿಂದ ಯಾರಿಗೂ ಯಾರ ವಿಷಯವೂ ತಿಳಿಯದೆ, ನನ್ನ ಅಂಗಡಿಯಲ್ಲಿ ಗಿರಾಕಿಗಳು ಹವಾಮಾನದ ಬಗ್ಗೆ ಮಾತಾಡುವ ದುರ್ಗತಿ ಬಂತು. ಆಲ್ಮೀಡಾ ಸಿಹಿಗೆಣಸಿನ ಪೈ ಮಾಡಿ ತೆಗೆದುಕೊಂಡು ಹೋದಳು. ಬಾಗಿಲು ತೆರೆಯಲಿಲ್ಲ. ಮೆಟ್ಟಿಲ ಮೇಲಿಟ್ಟು ಬಂದಳು. ಮಾರನೆಯ ದಿನ ತೊಳೆದ ತಟ್ಟೆ ನಮ್ಮ ಜಗುಲಿಯ ಮೇಲಿತ್ತು.

"ತಿಂದಿದಾಳಲ್ಲ!" ಎಂದೆ ಧೈರ್ಯ ಹೇಳಲು. "ಅಂದ್ರೆ ಆಸೆ ಇದೆ."

"ಕೋಳಿಗೆ ಹಾಕಿರ್ತಾಳೆ," ಎಂದಳು ಆಲ್ಮೀಡಾ. ಆದರೂ ಇನ್ನೊಂದು ಪೈ ಮಾಡಿದಳು.

ಇದರ ನಡುವೆ ವಾಷಿಂಗ್ಟನ್ನಿನಿಂದ ಉತ್ತರ ಬಂತು. ಬಣ್ಣದ ರಿಬ್ಬನ್ನು ಇರಲಿಲ್ಲ. ತೂಗುಕುರ್ಚಿಗೆ ತೊಟ್ಟಿ ಕಟ್ಟಿದ ಮಹನೀಯರು ನನಗಿಂತ ಮೊದಲೇ ಸಾಲುಗಟ್ಟಿ ಆಗಿಹೋಗಿದ್ದರಂತೆ. ಒಬ್ಬನಂತೂ ಅದೇ ಕುರ್ಚಿಯಿಂದ ಬೆಣ್ಣೆಯನ್ನೂ ಕಡೆದಿದ್ದನಂತೆ! ಇನ್ನು ಉಳಿದದ್ದು ನನ್ನ ಮುಖ್ಯ ಹಕ್ಕು: 'ಅತಿಥಿಗೆ ತಾನು ದುಡಿಯುತ್ತಿರುವ ಅರಿವಿಲ್ಲದಿರುವುದು ಯಂತ್ರದ ಭಾಗವಲ್ಲವಾದ್ದರಿಂದ ಪರಿಗಣಿಸಲಾಗದು.'

ಆಲ್ಮೀಡಾ ನನ್ನ ಹೆಗಲ ಮೇಲಿಂದ ಓದಿದಳು.

"ಅದೂ ಹೊಸದೇನಲ್ಲ ಬಿಡಿ. 'ಆಲ್ಮೀ, ನಿನ್ನ ಕೈ ಅಡುಗೆ ತಿಂದೋನಿಗೆ ಬೇರೆ ರುಚಿಸುತ್ತಾ' ಅಂತ ಮದುವೆಯಾದಾಗಿಂದ ನೀವು ನಡೆಸ್ತಿರೋ ಯಂತ್ರ ಅದೇ ತಾನೆ?"

ಅವಳು ಎಷ್ಟೋ ದಿನಗಳ ಮೇಲೆ ನಕ್ಕದ್ದು. ಒಂದು ಪೇಟೆಂಟ್ ಹೋದರೆ ಹೋಯಿತು ಎನಿಸಿತು.

ಎಲೆಗಳು ಕೆಂಪಾಗುವ ಕಾಲಕ್ಕೆ, ಒಂದು ಸೋಮವಾರ ನಾನು ಊಟಕ್ಕೆ ಬಂದಾಗ, ನೆಲಮಾಳಿಗೆಗೆ ಹಿತ್ತಲಿನಿಂದ ಇಳಿಯುವ ಓರೆ ಬಾಗಿಲು ತೆರೆದಿತ್ತು. ಒಳಗೆ ಇಬ್ಬರ ದನಿ. ಬಗ್ಗಿ ನೋಡಿದೆ. ಮಿಸೆಸ್ ಗಾಲ್ಟ್! ಹಕ್ಕಿಯ ಟೋಪಿಯನ್ನು ಮೊಳೆಗೆ ನೇತುಹಾಕಿ, ಅಂಗಿಯ ತೋಳು ಮಡಚಿ, ಮಗುಚಿದ ಬಕೆಟ್ಟಿನ ಮೇಲೆ ಕೂತು ಬಟ್ಟೆ ಹಿಂಡುವ ಉರುಳೆಯ ಹಿಡಿಕೆ ತಿರುಗಿಸುತ್ತಿದ್ದಾರೆ!

"ನೀನು ಏನೂ ಹೇಳ್ಬೇಡ ಆಲ್ಮೀ," ಎನ್ನುತ್ತಿದ್ದರು. "ಪರ್ಮೀಲಿಯಾ ಗಾಲ್ಟ್ ಗೊತ್ತಿದ್ದು ಒಗೆಯೋದಾದ್ರೆ ಯಾರ ಬಟ್ಟೆ ಬೇಕಾದ್ರೂ ಒಗೀತಾಳೆ. ಗೊತ್ತಿಲ್ದ ಹಾಗೆ ಒಗೆಸಿದ್ರೆ ಒಂದು ಕರ್ಚೀಫೂ ಇಲ್ಲ! ಪೈಗೆ ಜಾಯಿಕಾಯಿ ಸ್ವಲ್ಪ ಕಡಿಮೆ ಹಾಕು. ಹ್ಞಾ, ಆ ಹಾಡು ಹೇಳಿಸೋನು ವಾಪಸ್ ಬಂದ ಗೊತ್ತಾ? ಟೋಪಿ ಇಲ್ದೆ!"

ಆಮೇಲೆ ನಗು. ಚಲ್ಲಣ ನೆಲದಿಂದ ಎದ್ದದ್ದನ್ನು ಮಿಸೆಸ್ ಗಾಲ್ಟ್ ಒದ್ದೆ ಕಾಲುಚೀಲವೊಂದನ್ನು ಹಿಡಿದು ಅಭಿನಯಿಸಿ ತೋರಿಸುತ್ತಿದ್ದರು. ಆಲ್ಮೀಡಾ ತೊಟ್ಟಿಯ ಅಂಚು ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು.

ಈಗ ನಮ್ಮ ನೆಲಮಾಳಿಗೆಯಲ್ಲಿ ಮಗಳು ಕೊಡಿಸಿದ ಬಿಳಿಯ ವಿದ್ಯುತ್ ಯಂತ್ರವಿದೆ. ತಾನೇ ನೀರು ತುಂಬಿಕೊಳ್ಳುತ್ತದೆ, ತಾನೇ ಒಗೆಯುತ್ತದೆ, ತಾನೇ ಹಿಂಡುತ್ತದೆ. ಬಹಳ ಜಾಣ ಯಂತ್ರ. ಆದರೆ ಅದಕ್ಕೆ ಒಂದು ಸುದ್ದಿಯೂ ಗೊತ್ತಿಲ್ಲ. ಸೋಮವಾರ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಆ ಇಬ್ಬರು ಹೆಂಗಸರೂ ಈಗ ಚರ್ಚಿನ ಹಿಂದಿನ ಗುಡ್ಡದಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ. ಅಲ್ಲಿಯೂ ಮಾತು ನಿಂತಿರಲಿಕ್ಕಿಲ್ಲ.

ಇರಲಿ, ಆ ಮಧ್ಯಾಹ್ನದ ಮಾತು ಮುಗಿಸಿಬಿಡುತ್ತೇನೆ. ಅವರ ನಗುವನ್ನು ಕೇಳಿ ನನಗೆ ಎಲ್ಲಿಲ್ಲದ ಹುರುಪು ಬಂತು. ಜೊತೆಗೆ, ದೇವರಾಣೆಗೂ ನನ್ನ ಇಚ್ಛೆಯಿಲ್ಲದೆಯೇ, ಕಣ್ಣು ಆ ಹಿಡಿಕೆಯ ಮೇಲೆ ಬಿತ್ತು. ಎರಡು ಮೆಟ್ಟಿಲು ಇಳಿದೆ.

"ಮಿಸೆಸ್ ಗಾಲ್ಟ್, ಆ ಹಿಡಿಕೆಗೆ ಒಂದೇ ಒಂದು ಸಣ್ಣ ಚಕ್ರ ಜೋಡಿಸಿದ್ರೆ..."

"ಬೇಡ!" ಎಂದವು ಎರಡು ಕಂಠಗಳು ಒಟ್ಟಿಗೆ.

ನಾನು ಪೆಚ್ಚಾಗಿ ಮೇಲೆ ಹೋಗಿ, ಬಡಗಿ ರಿಪೇರಿ ಮಾಡಿಕೊಟ್ಟ ಕುರ್ಚಿಯಲ್ಲಿ ಕೂತು, ತಣ್ಣನೆಯ ಬೀನ್ಸು ತಿಂದು, ತೂಗಿಕೊಳ್ಳುತ್ತ ಇದ್ದೆ. ಮನಸ್ಸು ತಡೆಯದೆ, ಬಡಗಿ ಹಲಗೆ ಹೊಡೆದು ಮುಚ್ಚಿದ್ದ ಆ ತೂತಿನ ಕಡೆ ಬಗ್ಗಿ ಕೂಗಿದೆ:

"ಹಾಗಾದ್ರೆ ಈ ಮನೇಲಿ ನನ್ನಿಂದ ಏನೂ ಉಪಯೋಗವೇ ಇಲ್ವಾ?"

ಕೆಳಗಿನಿಂದ ಆಲ್ಮೀಡಾಳ ದನಿ ಬಂತು:

"ಯಾಕಿಲ್ಲ? ನೀವು ಅಲ್ಲೇ ತೂಗ್ತಾ ಇರಿ! ಆ ಕಿರ್ ಕಿರ್ ಸದ್ದು ಕೇಳಿಸ್ತಿದ್ರೆ, ನೀವು ಇನ್ನೇನೂ ಕಂಡುಹಿಡೀತಿಲ್ಲ ಅಂತ ನಮಗೆ ಧೈರ್ಯ!"